ಇಟ್ಟುಕೊಂಡ ಕೇಕು, ತಿಂದ ಕೇಕು

ಅಕ್ಕನ ಮಗಳು ಈ ವರ್ಷ ಎರಡನೇ ಪಿಯುಸಿ. ಕಳೆದ ತಿಂಗಳು ಅವರ ಮನೆಗೆ ಹೋದಾಗ ಇಂಗ್ಲಿಷ್ ಗೈಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನುಡಿಗಟ್ಟುಗಳ ಪಟ್ಟಿಯಲ್ಲಿ ಒಂದು ಸಾಲಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ನನ್ನ ಮುಂದೆ ಹಿಡಿದಳು: ‘ಯು ಕಾಂಟ್ ಹ್ಯಾವ್ ಯುವರ್ ಕೇಕ್ ಅಂಡ್ ಈಟ್ ಇಟ್ ಟೂ.’

“ಮಾಮ, ಇದರಲ್ಲಿ ಏನೋ ತಪ್ಪಿದೆ. ಕೇಕ್ ಇದ್ದರೆ ತಾನೇ ತಿನ್ನೋಕಾಗೋದು? ಇಲ್ಲದೇ ಇದ್ದರೆ ಏನನ್ನ ತಿನ್ನೋದು?”

ಗೈಡಿನಲ್ಲಿ ಅರ್ಥ ಕೊಟ್ಟಿದ್ದರು: ಒಂದಕ್ಕೊಂದು ಹೊಂದದ ಎರಡು ಅನುಕೂಲಗಳನ್ನು ಒಟ್ಟಿಗೆ ಪಡೆಯಲಾಗದು. ಅರ್ಥ ಸರಿಯೇ. ಆದರೆ ಅವಳು ಕೇಳಿದ್ದು ಅರ್ಥವನ್ನಲ್ಲ, ಆ ಮಾತುಗಳಿಂದ ಆ ಅರ್ಥ ಹೇಗೆ ಹೊರಡುತ್ತದೆ ಎಂದು. ಇದು ಕನ್ನಡದ ಹುಡುಗಿಗೆ ಮಾತ್ರ ಬಂದ ಅನುಮಾನವಲ್ಲ. ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವವರೂ ಇದನ್ನು ಕೇಳಿಕೊಂಡಿದ್ದಾರೆ, ಸಾಲನ್ನು ತಿರುಗಿಸಿ ಹೇಳಬೇಕೆಂದು ವಾದಿಸಿದ್ದಾರೆ. ‘ಈಟ್ ಯುವರ್ ಕೇಕ್ ಅಂಡ್ ಹ್ಯಾವ್ ಇಟ್ ಟೂ’ ಎಂಬುದೇ ಸರಿಯಾದ ರೂಪ, ತಿಂದ ಮೇಲೆ ಉಳಿಯುವುದಿಲ್ಲ ಎಂಬುದೇ ಅದರ ತಿರುಳು ಎನ್ನುವುದು ಅವರ ಪಟ್ಟು.

ತೊಡಕಿನ ಬೇರು ‘ಹ್ಯಾವ್’ ಎಂಬ ಪುಟ್ಟ ಕ್ರಿಯಾಪದದಲ್ಲಿದೆ. ನಮ್ಮಲ್ಲಿ ಅದಕ್ಕೆ ಸಮನಾದ ಒಂದೇ ಪದ ಇಲ್ಲ. ‘ನನ್ನ ಹತ್ತಿರ ಕೇಕ್ ಇದೆ’ ಎನ್ನುತ್ತೇವೆ, ಅಲ್ಲಿ ಇರುವುದು ಕೇಕು, ನಾನಲ್ಲ. ಇಂಗ್ಲಿಷಿನ ‘ಹ್ಯಾವ್’ ಹತ್ತು ಮನೆಯ ಕೆಲಸ ಮಾಡುತ್ತದೆ. ಇರುವುದಕ್ಕೂ ಅದೇ, ಪಡೆಯುವುದಕ್ಕೂ ಅದೇ, ತಿನ್ನುವುದಕ್ಕೂ ಅದೇ. ನೆಂಟರ ಮುಂದೆ ತಟ್ಟೆ ಚಾಚಿ ‘ಹ್ಯಾವ್ ಸಮ್ ಕೇಕ್’ ಎಂದರೆ ತಗೊಳ್ಳಿ, ತಿನ್ನಿ ಎಂದೇ ಅರ್ಥ. ನಮ್ಮ ಮಕ್ಕಳಿಗೆ ಮೊದಲು ಪರಿಚಯವಾಗುವ ‘ಹ್ಯಾವ್’ ಅದೇ ತಿನ್ನುವ ‘ಹ್ಯಾವ್’. ಈ ಗಾದೆಯಲ್ಲಿ ಕೂತಿರುವುದು ಮಾತ್ರ ಬೇರೆ: ಉಳಿಸಿಕೊಳ್ಳುವುದು, ಕೈಬಿಡದೆ ಇಟ್ಟುಕೊಂಡಿರುವುದು. ‘ಹ್ಯಾವ್’ ಇರುವಲ್ಲಿ ‘ಕೀಪ್’ ಎಂದು ಓದಿಕೊಂಡರೆ ಅರ್ಧ ಗಂಟು ಬಿಚ್ಚುತ್ತದೆ.

ಇದನ್ನು ಅವಳಿಗೆ ವಿವರಿಸುವ ಮೊದಲೇ ಆ ಮನೆಯಲ್ಲೇ ಒಂದು ಉದಾಹರಣೆ ಇತ್ತು. ಅವಳ ತಮ್ಮನಿಗೆ ಆರು ವರ್ಷ. ಆ ವಾರವೇ ಅವನ ಹುಟ್ಟುಹಬ್ಬ ಆಗಿತ್ತು. ಕೇಕಿನ ಮೇಲಿದ್ದ ಬೆಣ್ಣೆ ಕ್ರೀಮಿನ ಗುಲಾಬಿಯನ್ನು ಯಾರಿಗೂ ಮುಟ್ಟಲು ಬಿಡದೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟಿದ್ದ. ದಿನಕ್ಕೆ ಎರಡು ಸಲ ಡಬ್ಬಿ ತೆಗೆದು ನೋಡುವುದು, ತೋರುಬೆರಳಿನ ತುದಿಯಲ್ಲಿ ಒಂದು ಎಸಳಿನ ಅಂಚನ್ನು ಸವರಿ ನೆಕ್ಕುವುದು, ಮತ್ತೆ ಮುಚ್ಚಳ ಹಾಕುವುದು. ನಾನು ಹೋದ ದಿನ ಡಬ್ಬಿಯ ತಳದಲ್ಲಿ ಗುಲಾಬಿ ಬಣ್ಣದ ಜಿಡ್ಡು ಮಾತ್ರ ಇತ್ತು. ಅದನ್ನೂ ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡವನು, ಖಾಲಿ ಡಬ್ಬಿ ನೋಡಿ ಅಳಲು ಶುರು ಮಾಡಿದ. “ನೀನೇ ತಿಂದೆಯಲ್ಲೋ” ಎಂದು ಅಕ್ಕ ಎಷ್ಟು ಹೇಳಿದರೂ ಸಮಾಧಾನವಿಲ್ಲ. ತಿಂದದ್ದು ತಾನೇ ಎಂಬುದು ಅವನಿಗೂ ಗೊತ್ತಿತ್ತು. ಗುಲಾಬಿ ಇನ್ನೂ ಇರಬೇಕಿತ್ತು ಎಂಬುದಷ್ಟೇ ಅವನ ದುಃಖ.

“ನಿನ್ನ ಗಾದೆ ನೋಡು, ಅಲ್ಲಿ ಅಳುತ್ತಾ ಕೂತಿದೆ” ಎಂದೆ. ಅವಳಿಗೆ ಅರ್ಥ ಹತ್ತಿತು. ಆದರೆ ಸಾಲಿನ ಕ್ರಮದ ಪ್ರಶ್ನೆ ಬಿಡಲಿಲ್ಲ. ಹಾಗಾದರೆ ತಿನ್ನುವುದು ಮೊದಲು ಬರಬೇಕಲ್ಲ ಎಂದಳು. ಅದಕ್ಕೆ ಉತ್ತರ ಹೇಳಲು ಐನೂರು ವರ್ಷ ಹಿಂದಕ್ಕೆ ಹೋಗಬೇಕು.

ಈ ಮಾತು ಬರವಣಿಗೆಯಲ್ಲಿ ಸಿಗುವ ಬಲು ಹಳೆಯ ಜಾಗ ಒಂದು ಕಾಗದ. 1538ರಲ್ಲಿ ನಾರ್ಫೋಕ್‌ನ ಡ್ಯೂಕ್ ಥಾಮಸ್ ಹೋವರ್ಡ್, ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಬರೆದದ್ದು. ಇಂಗ್ಲೆಂಡಿನ ಮಠಗಳನ್ನು ಒಂದೊಂದಾಗಿ ಮುಚ್ಚಿಸಿ ಅವುಗಳ ಆಸ್ತಿಯನ್ನು ಅರಸನ ಬೊಕ್ಕಸಕ್ಕೆ ಸೇರಿಸುತ್ತಿದ್ದ ಕಾಲ ಅದು. ಡ್ಯೂಕ್ ಆನ್ ಬೊಲಿನ್‌ಳ ಸೋದರಮಾವ. ಕ್ರಾಮ್‌ವೆಲ್‌ನ ಮೇಲೆ ಅವನಿಗೆ ಒಳಗೊಳಗೇ ಹಗೆ. ಕಾಗದ ಬರೆದ ಎರಡು ವರ್ಷಕ್ಕೆ, 1540ರಲ್ಲಿ, ಕ್ರಾಮ್‌ವೆಲ್‌ನ ತಲೆ ಹೋಯಿತು. ಆ ಕಾಗದದಲ್ಲಿ ಡ್ಯೂಕ್ ಈ ಮಾತನ್ನು ಬಳಸಿರುವ ಕ್ರಮ ಯಾವುದು ಗೊತ್ತೇ? ಇಟ್ಟುಕೊಳ್ಳುವುದು ಮೊದಲು, ತಿನ್ನುವುದು ಆಮೇಲೆ. ಅಂದರೆ ಇಂದು ಗೈಡಿನಲ್ಲಿರುವ ಕ್ರಮವೇ.

ಎಂಟು ವರ್ಷದ ನಂತರ, 1546ರಲ್ಲಿ, ಜಾನ್ ಹೇವುಡ್ ಎಂಬ ನಾಟಕಕಾರ ಇಂಗ್ಲಿಷ್ ಗಾದೆಗಳನ್ನೆಲ್ಲ ಪೋಣಿಸಿ ಒಂದು ಪುಸ್ತಕ ಮಾಡಿದ. ಕವಿ ಜಾನ್ ಡನ್‌ನ ತಾಯಿಯ ತಂದೆ ಈತ. ನಾವು ಶಾಲೆಯಲ್ಲಿ ಕಲಿತ ಎಷ್ಟೋ ಇಂಗ್ಲಿಷ್ ಗಾದೆಗಳು ಆ ಪುಸ್ತಕದಲ್ಲಿವೆ. ರೋಮ್ ನಗರ ಒಂದೇ ದಿನದಲ್ಲಿ ಕಟ್ಟಿದ್ದಲ್ಲ ಎಂಬುದೂ ಅಲ್ಲಿದೆ. ಕೇಕಿನ ಗಾದೆಯೂ ಇದೆ, ಆದರೆ ತಿನ್ನುವುದು ಮೊದಲು, ಇಟ್ಟುಕೊಳ್ಳುವುದು ಆಮೇಲೆ. ‘ಈಟ್’ ಮೊದಲು ಬರಬೇಕೆನ್ನುವವರು ಹೇವುಡ್‌ನ ಸಾಕ್ಷಿ ಹಿಡಿದು ಇದೇ ಮೂಲರೂಪ ಎನ್ನುತ್ತಾರೆ. ಡ್ಯೂಕ್‌ನ ಕಾಗದ ಅದಕ್ಕಿಂತ ಹಳೆಯದು ಎಂಬುದನ್ನು ಮರೆಯುತ್ತಾರೆ.

ಆಗಿನ ಕೇಕೂ ನಮ್ಮ ಬೇಕರಿಯ ಗಾಜಿನ ಪೆಟ್ಟಿಗೆಯ ಕೇಕಲ್ಲ. ದುಂಡಗೆ, ಚಪ್ಪಟೆಯಾಗಿ ತಟ್ಟಿ ಎರಡೂ ಕಡೆ ಬೇಯಿಸಿದ ಗಟ್ಟಿ ರೊಟ್ಟಿಯಂಥದ್ದನ್ನೂ ಕೇಕ್ ಎಂದೇ ಕರೆಯುತ್ತಿದ್ದರು. ಹಾಗಾಗಿ ಈ ಗಾದೆಯ ಹಿಂದೆ ಇರುವುದು ಹುಟ್ಟುಹಬ್ಬದ ವೈಭವವಲ್ಲ, ನಾಳೆಗೆ ಎತ್ತಿಡಬಹುದಾದ ಆಹಾರ. ಇವತ್ತಿನ ಹಸಿವಿಗೆ ಮುರಿದರೆ ನಾಳೆಗೆ ಇಲ್ಲ. ನನ್ನ ಮಟ್ಟಿಗೆ ಗಾದೆಗೆ ತೂಕ ಬರುವುದು ಹೀಗೆ ನೋಡಿದಾಗಲೇ.

ಮುಂದಿನ ಶತಮಾನಗಳಲ್ಲಿ ಎರಡೂ ರೂಪಗಳು ಅಕ್ಕಪಕ್ಕದಲ್ಲೇ ಬಾಳಿದವು. ಜೊನಾಥನ್ ಸ್ವಿಫ್ಟ್ 1738ರಲ್ಲಿ ಅಚ್ಚಾದ ತನ್ನ ಸಂಭಾಷಣೆಗಳ ಪುಸ್ತಕದಲ್ಲಿ ತಿನ್ನುವುದನ್ನು ಮೊದಲಿಟ್ಟ. ಹತ್ತು ಹನ್ನೊಂದು ವರ್ಷದ ಮೇಲೆ ಅದೇ ಪುಸ್ತಕವನ್ನು ಪ್ರಹಸನವಾಗಿ ಮಾಡಿದವರು ಸಾಲನ್ನು ತಿರುಗಿಸಿಬಿಟ್ಟರು. ಹತ್ತೊಂಬತ್ತನೇ ಶತಮಾನದ ಅಚ್ಚಿನಲ್ಲಿ ‘ಈಟ್’ ಮೊದಲಿನ ರೂಪವೇ ಹೆಚ್ಚು. ಸುಮಾರು 1930-40ರ ದಶಕಗಳಲ್ಲಿ ‘ಹ್ಯಾವ್’ ಮೊದಲಿನ ರೂಪ ಅದನ್ನು ಹಿಂದೆ ಹಾಕಿತು. ಈಗ ಇದೇ ವಾಡಿಕೆ. ಬ್ರಿಟನ್ನಿನಲ್ಲಿ ಕೊನೆಯ ‘ಟೂ’ವನ್ನು ಬಹಳ ಮಂದಿ ಬಿಡುತ್ತಾರೆ, ಅಮೆರಿಕದಲ್ಲಿ ಸೇರಿಸುತ್ತಾರೆ.

ಆ ‘ಟೂ’ ಪುಟ್ಟ ಪದವಾದರೂ ನನಗೆ ಅದರ ಮೇಲೆ ವಿಶೇಷ ಮಮತೆ. ಅದು ಮಾಡುತ್ತಿರುವ ಕೆಲಸ ಕನ್ನಡದವರಿಗೆ ಕಂಡಷ್ಟು ಸ್ಪಷ್ಟವಾಗಿ ಇಂಗ್ಲಿಷಿನವರಿಗೆ ಕಾಣುವುದು ಕಷ್ಟ. ನಮ್ಮ ನುಡಿಯಲ್ಲಿ ಎರಡು ಕೆಲಸಗಳನ್ನು ಜೋಡಿಸಲು ಬೇರೆ ಬೇರೆ ದಾರಿಗಳಿವೆ. ‘ಕೇಕನ್ನು ಇಟ್ಟುಕೊಂಡು ತಿಂದ’ ಎಂದರೆ ಮೊದಲು ಒಂದು, ಆಮೇಲೆ ಇನ್ನೊಂದು. ‘ಇಟ್ಟುಕೊಂಡು’ ಎಂಬ ರೂಪದ ಹೊಟ್ಟೆಯಲ್ಲೇ ಕಾಲದ ಕ್ರಮ ಕೂತಿದೆ. ಅದನ್ನು ತಿರುಗಿಸಿ ‘ತಿಂದು ಇಟ್ಟುಕೊಂಡ’ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಎರಡೂ ಒಟ್ಟಿಗೆ ಬೇಕು ಎನ್ನುವಾಗ ಈ ರೂಪವನ್ನು ನಾವು ಮುಟ್ಟುವುದೇ ಇಲ್ಲ. ‘ಇಟ್ಟುಕೊಳ್ಳಲೂ ಬೇಕು, ತಿನ್ನಲೂ ಬೇಕು’ ಎನ್ನುತ್ತೇವೆ. ಆ ಎರಡು ‘ಊ’ಕಾರಗಳು ಬಂದ ಕೂಡಲೇ ಮೊದಲು-ಆಮೇಲೆ ಎಂಬುದು ಅಳಿಸಿಹೋಗುತ್ತದೆ. ‘ತಿನ್ನಲೂ ಬೇಕು, ಇಟ್ಟುಕೊಳ್ಳಲೂ ಬೇಕು’ ಎಂದು ತಿರುಗಿಸಿದರೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ.

ಇಂಗ್ಲಿಷಿನ ‘ಅಂಡ್’ ಈ ಎರಡೂ ಕೆಲಸವನ್ನು ಒಂದೇ ಮುಖದಲ್ಲಿ ಮಾಡುತ್ತದೆ. ಅದನ್ನು ‘ಆಮೇಲೆ’ ಎಂದು ಓದಿದರೆ ಅಕ್ಕನ ಮಗಳ ಅನುಮಾನ ನ್ಯಾಯವಾದದ್ದೇ. ಕೇಕು ಕೈಯಲ್ಲಿರುತ್ತದೆ, ಆಮೇಲೆ ತಿನ್ನುತ್ತೇವೆ, ಅದರಲ್ಲಿ ಅಸಾಧ್ಯವಾದದ್ದು ಏನೂ ಇಲ್ಲ. ‘ಊ... ಊ’ ಎಂದು ಓದಿದರೆ ಯಾವ ಕ್ರಮವಾದರೂ ಗಾದೆ ಸರಿಯಾಗಿ ನಿಲ್ಲುತ್ತದೆ. ಕೊನೆಯ ‘ಟೂ’ ನಮ್ಮ ಊಕಾರದ ಕೆಲಸವನ್ನೇ ಮಾಡುತ್ತಿದೆ: ಇಲ್ಲಿ ‘ಆಮೇಲೆ’ ಎಂದು ಓದಬೇಡಿ, ಎರಡೂ ಒಟ್ಟಿಗೆ ಎಂದು ಓದಿ. ಹೀಗಾಗಿ ಕ್ರಮದ ಜಗಳದಲ್ಲಿ ನನ್ನ ತೀರ್ಪು ಇಷ್ಟು: ತಿನ್ನುವುದನ್ನು ಮೊದಲಿಟ್ಟರೆ ಮೊದಲ ಓದಿಗೇ ಅರ್ಥ ತಿಳಿಯುತ್ತದೆ, ಅದು ಅದರ ಹೆಚ್ಚುಗಾರಿಕೆ. ಹಾಗೆಂದು ಇನ್ನೊಂದನ್ನು ತಪ್ಪು ಎನ್ನಲು ಆಧಾರವಿಲ್ಲ.

ಕ್ರಮ ತಿರುಗಿದ ನುಡಿಗಟ್ಟು ಇದೊಂದೇ ಅಲ್ಲ. ತಲೆಕೆಳಗಾಗುವುದಕ್ಕೆ ಇಂಗ್ಲಿಷಿನಲ್ಲಿ ಮೊದಲು ‘ಹೀಲ್ಸ್ ಓವರ್ ಹೆಡ್’ ಎಂದೇ ಇತ್ತು. ಕಾಲು ಮೇಲೆ, ತಲೆ ಕೆಳಗೆ, ಸರಿಯಾದ ಚಿತ್ರ. ಹದಿನೆಂಟನೇ ಶತಮಾನದಲ್ಲಿ ಅದು ‘ಹೆಡ್ ಓವರ್ ಹೀಲ್ಸ್’ ಆಯಿತು. ಯೋಚಿಸಿದರೆ ನೆಟ್ಟಗೆ ನಿಂತವರ ತಲೆ ಯಾವಾಗಲೂ ಹಿಮ್ಮಡಿಯ ಮೇಲೇ ಇರುತ್ತದೆ. ಆದರೂ ಹಳೆಯ ರೂಪ ಹೇಳಿದರೆ ಇಂದು ಕೇಳುವವರೇ ತಿದ್ದುತ್ತಾರೆ. ನಮ್ಮ ನಾಲಗೆಯೂ ಹಾಗೆಯೇ. ‘ಹಿಂದೆ ಮುಂದೆ ನೋಡದೆ’ ಎನ್ನುತ್ತೇವೆ. ‘ಮುಂದೆ ಹಿಂದೆ ನೋಡದೆ’ ಎಂದರೆ ಅರ್ಥ ಕೆಡುವುದಿಲ್ಲ, ಆದರೆ ಹೇಳಿದವರು ಬೇರೆ ಊರಿನವರು ಅನ್ನಿಸುತ್ತದೆ.

ಆ ‘ಬೇರೆ ಊರಿನವರು’ ಅನ್ನಿಸುವಿಕೆ ಒಬ್ಬ ಮನುಷ್ಯನನ್ನು ಗುರುತಿಸಲು ಹೇಗೆ ನೆರವಾಯಿತು ಎಂಬುದಕ್ಕೆ ಈ ಕೇಕಿನ ಗಾದೆಯೇ ಸಾಕ್ಷಿ.

ಅಮೆರಿಕದಲ್ಲಿ 1978ರಿಂದ 1995ರವರೆಗೆ, ಹದಿನೇಳು ವರ್ಷ, ಯಾರೋ ಒಬ್ಬ ಅಂಚೆಯಲ್ಲಿ ಬಾಂಬುಗಳನ್ನು ಕಳಿಸುತ್ತಿದ್ದ, ಕೈಯಾರೆಯೂ ಇಟ್ಟು ಹೋಗುತ್ತಿದ್ದ. ಒಟ್ಟು 16 ಬಾಂಬು, 3 ಸಾವು, 23 ಮಂದಿಗೆ ಗಾಯ. ವಿಶ್ವವಿದ್ಯಾಲಯಗಳು ಮತ್ತು ವಿಮಾನ ಕಂಪನಿಗಳು ಮೊದಲ ಗುರಿಗಳಾಗಿದ್ದರಿಂದ ಎಫ್‌ಬಿಐ ಆ ಪ್ರಕರಣಕ್ಕೆ ಇಟ್ಟ ಸಂಕೇತನಾಮದಿಂದ ಪತ್ರಿಕೆಗಳು ಅವನನ್ನು ‘ಯೂನಾಬಾಂಬರ್’ ಎಂದವು. ಬೆರಳಚ್ಚಿಲ್ಲ, ಮುಖ ಕಂಡವರು ಇಲ್ಲವೆಂಬಷ್ಟು ಕಡಿಮೆ. 1995ರಲ್ಲಿ ಅವನೇ ಒಂದು ಷರತ್ತು ಒಡ್ಡಿದ: ತಾನು ಬರೆದ ಸುಮಾರು 35 ಸಾವಿರ ಪದಗಳ ಪ್ರಬಂಧವನ್ನು ಅಚ್ಚು ಮಾಡಿದರೆ ಕೊಲ್ಲುವುದನ್ನು ನಿಲ್ಲಿಸುವೆ. ತಂತ್ರಜ್ಞಾನದ ನಾಗರಿಕತೆಯನ್ನೇ ಕೆಡವಬೇಕು ಎನ್ನುವ ಬರಹ ಅದು. ಆ ವರ್ಷದ ಸೆಪ್ಟೆಂಬರ್ 19ರಂದು ‘ವಾಷಿಂಗ್ಟನ್ ಪೋಸ್ಟ್’ ಅದನ್ನು ಪೂರ್ತಿಯಾಗಿ ಪ್ರಕಟಿಸಿತು. ಯಾರಾದರೂ ಶೈಲಿಯನ್ನು ಗುರುತಿಸಬಹುದು ಎಂಬ ಆಸೆಯೂ ತನಿಖೆಯವರಿಗಿತ್ತು.

ಗುರುತಿಸಿದರು. ಡೇವಿಡ್ ಕಜಿನ್‌ಸ್ಕಿ ಎಂಬಾತನ ಹೆಂಡತಿ ಲಿಂಡಾ ಪ್ಯಾಟ್ರಿಕ್‌ಗೆ ಮೊದಲು ಅನುಮಾನ ಬಂತು, ಇದು ನಿನ್ನ ಅಣ್ಣನ ಕೈವಾಡವಿರಬಹುದೇ ಎಂದು. ಡೇವಿಡ್ ನಂಬಲಿಲ್ಲ. ಓದಿದಾಗ ಅಣ್ಣನ ಮಾತಿನ ವರಸೆ ಅಲ್ಲಿ ಕಂಡಿತು. ಅಣ್ಣ ಥಿಯೋಡೋರ್ ಹದಿನಾರನೇ ವಯಸ್ಸಿಗೆ ಹಾರ್ವರ್ಡ್ ಸೇರಿದ ಗಣಿತದ ಪ್ರತಿಭೆ, ಬರ್ಕ್ಲಿಯಲ್ಲಿ ಪಾಠ ಹೇಳುತ್ತಿದ್ದವನು 1969ರಲ್ಲಿ ಕೆಲಸ ಬಿಟ್ಟು, ಆಮೇಲೆ ಮೊಂಟಾನಾದ ಕಾಡಿನಂಚಿನಲ್ಲಿ ಕರೆಂಟೂ ನಲ್ಲಿಯೂ ಇಲ್ಲದ ಮರದ ಗುಡಿಸಿಲಲ್ಲಿ ಒಂಟಿಯಾಗಿದ್ದವನು. ಒಡಹುಟ್ಟಿದವನನ್ನು ಹಿಡಿದುಕೊಡುವ ಸಂಕಟದ ನಡುವೆಯೇ ಡೇವಿಡ್ ಮನೆಯಲ್ಲಿದ್ದ ಹಳೆಯ ಬರಹಗಳನ್ನು ತನಿಖೆಯವರಿಗೆ ಒಪ್ಪಿಸಿದ. ಇನ್ನೊಬ್ಬರ ಮಗ ಸಾಯಬಾರದು ಎಂಬುದಕ್ಕಾಗಿ ಆ ಸಂಕಟವನ್ನು ಅವನು ಹೊತ್ತ.

ಪ್ರಬಂಧದ 185ನೇ ಖಂಡಿಕೆಯಲ್ಲಿ ಕೇಕಿನ ಗಾದೆ ಬರುತ್ತದೆ, ‘ಈಟ್’ ಮೊದಲಿನ ಹಳೆಯ ಕ್ರಮದಲ್ಲಿ. ಎಫ್‌ಬಿಐನ ಜೇಮ್ಸ್ ಫಿಟ್ಜ್‌ಜೆರಾಲ್ಡ್‌ಗೆ ಮೊದಲು ಅದು ತಪ್ಪಾಗಿ ಬರೆದದ್ದು ಅನ್ನಿಸಿತು. 1990ರ ದಶಕದ ಅಮೆರಿಕನ್ನರು ಹಾಗೆ ಹೇಳುತ್ತಿರಲಿಲ್ಲ. ಮನೆಯವರು ಕೊಟ್ಟ ಹಳೆಯ ಕಾಗದಗಳಲ್ಲೂ ಅದೇ ಗಾದೆ, ಅದೇ ತಿರುಗಿದ ಕ್ರಮ ಸಿಕ್ಕಿತು. ಇದೊಂದೇ ಅಲ್ಲ, ಇಂಥ ಹತ್ತಾರು ಹೋಲಿಕೆಗಳನ್ನು ಪಟ್ಟಿ ಮಾಡಿ ನ್ಯಾಯಾಧೀಶರ ಮುಂದಿಟ್ಟು ಶೋಧದ ವಾರಂಟ್ ಪಡೆದರು. 1996ರ ಏಪ್ರಿಲ್ 3ರಂದು ಗುಡಿಸಿಲಿನ ಬಾಗಿಲಲ್ಲಿ ಅವನು ಸಿಕ್ಕಿಬಿದ್ದ. ಜೀವಾವಧಿ ಶಿಕ್ಷೆಯಾಗಿ 2023ರ ಜೂನ್ 10ರಂದು ಸೆರೆಯಲ್ಲೇ ತೀರಿಕೊಂಡ. ಕೇಕಿನ ಗಾದೆಯೇ ಅವನನ್ನು ಹಿಡಿಯಿತು ಎಂದು ಬರೆಯುವವರಿದ್ದಾರೆ. ಅದು ಅತಿಯಾಯಿತು, ಹಿಡಿಸಿದ್ದು ತಮ್ಮನ ಮನಸ್ಸಾಕ್ಷಿ. ಆದರೆ ನಾವು ಯೋಚಿಸದೆ ಆಡುವ ಮಾತಿನ ಕ್ರಮ ನಮ್ಮ ಬೆರಳಚ್ಚಿನಷ್ಟೇ ನಮ್ಮದು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ರಾಜಕೀಯದಲ್ಲೂ ಈ ಕೇಕು ಓಡಾಡಿದೆ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವ ಚರ್ಚೆಯ ಕಾಲದಲ್ಲಿ, ಬೋರಿಸ್ ಜಾನ್ಸನ್ ಕೇಕಿನ ವಿಷಯದಲ್ಲಿ ಇಟ್ಟುಕೊಳ್ಳುವುದಕ್ಕೂ ತಿನ್ನುವುದಕ್ಕೂ ತಮ್ಮ ಬೆಂಬಲ ಎಂಬರ್ಥದ ಹಳೆಯ ಮಾತಿನಿಂದಲೇ ಗುರುತಾದರು. ಐರೋಪ್ಯ ಮಂಡಳಿಯ ಆಗಿನ ಅಧ್ಯಕ್ಷ ಡೊನಾಲ್ಡ್ ಟಸ್ಕ್ 2016ರ ಅಕ್ಟೋಬರಿನಲ್ಲಿ, ಇದನ್ನು ನಂಬುವವರು ಒಂದು ಕೇಕು ಕೊಂಡು ತಿಂದು ತಟ್ಟೆಯಲ್ಲಿ ಇನ್ನೂ ಇದೆಯೇ ನೋಡಿಕೊಳ್ಳಲಿ ಎಂದರು. ಟಸ್ಕ್ ಪೋಲೆಂಡಿನವರು. ಪೋಲಿಷ್ ಗಾದೆಯಲ್ಲಿ ತಿನ್ನುವುದೇ ಮೊದಲು! ಲಕ್ಸೆಂಬರ್ಗಿನ ಆಗಿನ ಪ್ರಧಾನಿ ಕ್ಸೇವಿಯರ್ ಬೆಟೆಲ್, ಬ್ರಿಟನ್ನಿನವರಿಗೆ ಕೇಕೂ ಬೇಕು, ತಿನ್ನಲೂ ಬೇಕು, ಬೇಕರಿಯವನ ನಗುವೂ ಬೇಕು ಎಂದರು. ಆ ನಗು ಬಂದದ್ದು ಫ್ರೆಂಚಿನಿಂದ. ಅಲ್ಲಿನ ಗಾದೆಯಲ್ಲಿ ಬೆಣ್ಣೆಯೂ ಬೇಕು, ಬೆಣ್ಣೆ ಮಾರಿದ ದುಡ್ಡೂ ಬೇಕು, ಜೊತೆಗೆ ಬೆಣ್ಣೆ ಮಾರುವವಳ ಮುಗುಳ್ನಗೆಯೂ ಬೇಕು. ಇಟಲಿಯವರಿಗೆ ದ್ರಾಕ್ಷಾರಸದ ಪೀಪಾಯಿ ತುಂಬಿರಬೇಕು, ಹೆಂಡತಿಗೆ ಅಮಲೂ ಏರಿರಬೇಕು. ನಮ್ಮ ನೆರೆಯ ತಮಿಳರು ಗಂಜಿಯ ಮೇಲೂ ಆಸೆ, ಮೀಸೆಯ ಮೇಲೂ ಆಸೆ ಎನ್ನುತ್ತಾರೆ. ತೆಲುಗರಿಗೆ ಅವ್ವನೂ ಬೇಕು, ಅನ್ನವೂ ಬೇಕು.

ಕನ್ನಡದಲ್ಲಿ? ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ಇದರ ಸೊಗಸು ತಿಳಿಯಬೇಕಾದರೆ ರಾಗಿ ಸೀಮೆಯ ಹಳೆಯ ಅಡುಗೆಮನೆಯನ್ನು ನೆನೆಯಬೇಕು. ದಿನವೂ ಮುದ್ದೆ, ಅನ್ನ ಎಂಬುದು ಹಬ್ಬಕ್ಕೆ ಮತ್ತು ನೆಂಟರಿಗೆ. ನಮ್ಮಜ್ಜಿ ಅಕ್ಕಿ ಅಳೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೆಂಟರು ಬಂದ ದಿನ ಪಾವನ್ನು ಅಕ್ಕಿಯೊಳಗೆ ಅದ್ದಿ ತೆಗೆದರೆ ಮೇಲೆ ಗೋಪುರದ ಹಾಗೆ ಅಕ್ಕಿ ನಿಲ್ಲುತ್ತಿತ್ತು. ಅಜ್ಜಿ ಒಂದು ಗಳಿಗೆ ಅದನ್ನು ನೋಡಿ, ಅಂಗೈಯ ಅಂಚಿನಿಂದ ಗೋಪುರವನ್ನು ಮೆಲ್ಲನೆ ಸವರಿ ಗಡಿಗೆಗೆ ಬೀಳಿಸುತ್ತಿದ್ದಳು. ಆಮೇಲೆ ಪಡಸಾಲೆಯಲ್ಲಿ ಕೂತವರ ದನಿ ಕೇಳಿ, ಮನಸ್ಸು ತಡೆಯದೆ, ಮತ್ತೆ ಒಂದು ಹಿಡಿ ತೆಗೆದು ಹಾಕುತ್ತಿದ್ದಳು. ಗಾದೆ ಪೂರ್ತಿಯಾಗಿ ಆ ಅಂಗೈಯಲ್ಲಿತ್ತು. ಇಂಗ್ಲಿಷ್ ಗಾದೆಯಲ್ಲಿ ಇರುವವರು ಒಬ್ಬರೇ, ಎದುರಿಗೆ ಒಂದು ತಿನಿಸು. ನಮ್ಮ ಗಾದೆಯಲ್ಲಿ ಹೊರಗೆ ಕೂತ ನೆಂಟರಿದ್ದಾರೆ, ಹಾಗಾಗಿ ಅದರಲ್ಲಿ ಆಸೆಯ ಜೊತೆಗೆ ಪ್ರೀತಿಯೂ ಇದೆ.

ಹಾವು-ಕೋಲಿನ ಗಾದೆಯನ್ನು ಕೇಕಿನ ಗಾದೆಗೆ ಸಮವೆಂದು ಬಳಸುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಆ ಗಾದೆಗೂ ಎರಡು ರೂಪಗಳು ಚಾಲ್ತಿಯಲ್ಲಿವೆ: ‘ಹಾವೂ ಸಾಯಬೇಕು, ಕೋಲೂ ಮುರಿಯಬಾರದು’ ಎಂದೊಂದು, ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂದಿನ್ನೊಂದು. ಮೊದಲನೆಯದರಲ್ಲಿ ಕೆಲಸ ಆಗಬೇಕು, ನಷ್ಟ ಆಗಬಾರದು. ಎರಡನೆಯದರಲ್ಲಿ ಯಾರಿಗೂ ನೋವಾಗದಂತೆ ಮಾತು ಮುಗಿಯಬೇಕು. ಇದು ಬರಿಯ ಕ್ರಮದ ವ್ಯತ್ಯಾಸವಲ್ಲ, ಅರ್ಥವೇ ಬೇರೆ. ಎರಡರಲ್ಲೂ ಚಾಕಚಕ್ಯತೆ ಇದ್ದರೆ ಗೆಲ್ಲಬಹುದು. ಕೇಕಿನ ಗಾದೆಯಲ್ಲಿ ಯಾವ ಚಾಕಚಕ್ಯತೆಯೂ ನಡೆಯದು, ತಿಂದದ್ದು ಹೋಯಿತು. ಜಾಣತನದಿಂದ ಎರಡು ಕೆಲಸ ಒಟ್ಟಿಗೆ ಮುಗಿಸಿದವರನ್ನು ಹೊಗಳಲು ಇಂಗ್ಲಿಷಿನ ಕೇಕನ್ನು ತರುವುದು ಅದೇ ಕಾರಣಕ್ಕೆ ತಪ್ಪು ಬಳಕೆ. ಆಗದ್ದನ್ನು ಬಯಸುವವರಿಗೆ ಮಾತ್ರ ಅದು ಸಲ್ಲುತ್ತದೆ. ಇನ್ನು ಕನ್ನಡ ಬರಹದಲ್ಲಿ ‘ಕೇಕನ್ನು ಹೊಂದಿಯೂ ತಿನ್ನಲು ಸಾಧ್ಯವಿಲ್ಲ’ ಎಂಬಂಥ ಸಾಲು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ. ಅಕ್ಕಿಯೂ ನೆಂಟರೂ ಮನೆಯಲ್ಲೇ ಇರುವಾಗ ಆ ಸಾಲು ಯಾಕೆ ಬೇಕು?

ಇಷ್ಟು ಹೇಳುವ ಹೊತ್ತಿಗೆ ಅಕ್ಕ ಎರಡು ಸಲ ಊಟಕ್ಕೆ ಕರೆದಿದ್ದಳು. “ಪರೀಕ್ಷೇಲಿ ಬಿಟ್ಟ ಸ್ಥಳ ತುಂಬಿ ಅಂತ ಬಂದರೆ ಯಾವುದನ್ನ ಮೊದಲು ಬರೀಲಿ ಮಾಮ?” ಎಂದು ಕೇಳಿದಳು. ‘ಹ್ಯಾವ್’ ಮೊದಲು ಬರಿ ಎಂದೆ, ಇವತ್ತಿನ ರೂಢಿ ಅದೇ, ತಿದ್ದುವವರ ಕೈಯಲ್ಲಿರುವ ಉತ್ತರವೂ ಅದೇ ಇರುತ್ತದೆ. ಅವಳು ಪೆನ್ಸಿಲ್ ತೆಗೆದುಕೊಂಡು ಗೈಡಿನ ಆ ಸಾಲಿನಲ್ಲಿ ‘ಹ್ಯಾವ್’ ಪದದ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ‘ಉಳಿಸಿಕೊ’ ಎಂದು ಬರೆದು, ಪುಸ್ತಕ ಮಡಚಿ ಎದ್ದಳು.